ಅನುಪ್ರೇಕ್ಷೆ ಎಂಬ ಶಬ್ದದ ಅರ್ಥ ಮತ್ತು ಪ್ರಯೋಜನ



ಅಷ್ಟಮಿ, ಚತುರ್ದಶಿ ಹಾಗೂ ದಶಲಕ್ಷಣ ಪರ್ವದ ದಿನಗಳಲ್ಲಿ ಉಪವಾಸ ಮಾಡುವ ಶ್ರಾವಕ ಶ್ರಾವಿಕೆಯರು ಪಾರಣೆಯ ವೇಳೆಯನ್ನು ಚೆನ್ನಾಗಿ ಬಲ್ಲರು. ಪಾರಣೆಯವರೆಗಿನ ಕಾಲದಲ್ಲಿ ಮನಸ್ಸಿಗೆ ಯಾವ ಕೆಲಸವನ್ನು ಕೊಡಬೇಕೆಂದು ವಿಚಾರಿಸುವವರು ಮಾತ್ರ ವಿರಳ. ಉದರಕ್ಕೆ ಬಿಡುವು ದೊರೆತ ಮಾತ್ರಕ್ಕೆ ಮನಸ್ಸು ಸುಮ್ಮನಿರುವುದಿಲ್ಲ. ಆ ಮನಸ್ಸಿಗೆ ನಮ್ಮ ಆಚಾರ್ಯರು ವಿಧಿಸಿದ ಕೆಲಸದ ಹೆಸರೇ ಅನುಪ್ರೇಕ್ಷೆ.

‘ಈಕ್ಷ್’ ಧಾತುವಿಗೆ ನೋಡುವುದು ಎಂದರ್ಥ. ‘ಪ್ರ’ ಎಂಬುದು ಆ ನೋಟದ ಆಳವನ್ನೂ, ‘ಅನು’ ಎಂಬುದು ಬಿಡದೆ ಹಿಂಬಾಲಿಸುವುದನ್ನೂ ಸೂಚಿಸುತ್ತದೆ. ಆದುದರಿಂದ ವಸ್ತುಸ್ವರೂಪವನ್ನು ಮತ್ತೆ ಮತ್ತೆ, ಶಾಂತವಾಗಿ, ಆಳವಾಗಿ ನೋಡುವುದೇ ಅನುಪ್ರೇಕ್ಷೆ. ಪ್ರಾಕೃತದಲ್ಲಿ ಇದು ‘ಅಣುವೇಕ್ಖಾ’ ಎನಿಸಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಈ ಶಬ್ದವು ಎರಡು ಅರ್ಥಗಳಲ್ಲಿ ಬಂದಿದೆ. ಸಂವರಕ್ಕೆ ಕಾರಣವಾದ ಹನ್ನೆರಡು ಭಾವನೆಗಳೆಂಬುದು ಒಂದು. ಐದು ವಿಧದ ಸ್ವಾಧ್ಯಾಯಗಳಲ್ಲಿ ಮೂರನೆಯದೆಂಬುದು ಇನ್ನೊಂದು. ಓದಿದ್ದನ್ನು, ಕೇಳಿ ತಿಳಿದದ್ದನ್ನು ಮನಸ್ಸಿನಲ್ಲಿ ಪುನಃ ಪುನಃ ಅಭ್ಯಾಸಮಾಡುವುದು ಈ ಎರಡನೆಯ ಅರ್ಥ. ಕನ್ನಡದಲ್ಲಿಯೂ ಬಂಧುವರ್ಮನು ತನ್ನ ‘ಜೀವಸಂಬೋಧನೆ’ಯಲ್ಲಿ ಈ ಹನ್ನೆರಡನ್ನೇ ವಿಷಯವಾಗಿರಿಸಿಕೊಂಡಿದ್ದಾನೆ.

ಇಲ್ಲಿ ಒಂದು ಸಂಶಯ ಬರಬಹುದು. ಒಂದೇ ವಿಷಯವನ್ನು ಮತ್ತೆ ಮತ್ತೆ ನೆನೆಯುವುದು ಅನುಪ್ರೇಕ್ಷೆಯಾದರೆ, ಮಗಳ ಮದುವೆಯ ಚಿಂತೆಯೂ ಸಾಲದ ಚಿಂತೆಯೂ ಅನುಪ್ರೇಕ್ಷೆಯೇ ಅಲ್ಲವೇ? ಅಲ್ಲ. ಸಂಸ್ಕೃತದಲ್ಲಿ ‘ಚಿಂತಾ’ ಎಂದರೆ ಯೋಚನೆ. ನಮ್ಮ ಮನೆಮಾತಿನಲ್ಲಿ ‘ಚಿಂತೆ’ ಎಂದರೆ ಕಳವಳ. ಅಪ್ರಿಯವಾದುದು ಬಂದಿತೆಂದು, ಪ್ರಿಯವಾದುದು ಹೋಯಿತೆಂದು, ನೋವು ತೊಲಗಲಿಲ್ಲವೆಂದು, ಮುಂದೆ ಭೋಗ ದೊರೆಯಲೆಂದು ಹಂಬಲಿಸುವ ಮನಸ್ಸೂ ಏಕಾಗ್ರವಾಗಿಯೇ ಇರುತ್ತದೆ. ಆದರೆ ಶಾಸ್ತ್ರವು ಅದನ್ನು ಆರ್ತಧ್ಯಾನವೆಂದು ಕರೆದು, ಸಂಸಾರಕ್ಕೆ ಕಾರಣವೆಂದಿದೆ. ಆಳವೊಂದೇ ಸಾಲದು, ಶಾಂತಿಯೂ ಬೇಕು. ಕೈಬಿಟ್ಟು ಹೋದ ಹೊಲವನ್ನು ನೆನೆದು ‘ನನ್ನದು ಹೋಯಿತಲ್ಲಾ’ ಎಂದು ಮರುಗಿದರೆ ಅದು ಆರ್ತ. ಅದೇ ಹೊಲವನ್ನು ನೆನೆದು ‘ನನಗಿಂತ ಮೊದಲು ಎಷ್ಟು ಜನ ಇದನ್ನು ತಮ್ಮದೆಂದು ಉತ್ತರು!’ ಎಂದು ಕಂಡುಕೊಂಡರೆ ಅದು ಅನಿತ್ಯಾನುಪ್ರೇಕ್ಷೆ. ಹೊಲ ಒಂದೇ, ನೋಟ ಬೇರೆ.

ಧ್ಯಾನಕ್ಕೂ ಇದಕ್ಕೂ ಭೇದವುಂಟು. ಚಿತ್ತವು ಒಂದೇ ವಿಷಯದಲ್ಲಿ ಅಚಲವಾಗಿ ನಿಲ್ಲುವುದು ಧ್ಯಾನ. ಅದು ಉತ್ತಮ ಸಂಹನನವುಳ್ಳವರಿಗೂ ಅಂತರ್ಮುಹೂರ್ತದವರೆಗೆ ಮಾತ್ರ, ಅಂದರೆ 48 ನಿಮಿಷಗಳೊಳಗೆ, ನಿಲ್ಲುವಂಥದೆಂದು ಸೂತ್ರವು ಹೇಳುತ್ತದೆ. ಅನುಪ್ರೇಕ್ಷೆಯಲ್ಲಿಯಾದರೋ ಚಿತ್ತವು ಚಲಿಸುತ್ತದೆ, ಆದರೆ ದಾರಿ ತಪ್ಪುವುದಿಲ್ಲ. ಆದುದರಿಂದ ಗೃಹಸ್ಥನಿಗೆ ಇದು ದಿನವಿಡೀ ಸಾಧ್ಯ.

ಉಪವಾಸದ ದಿನ ಇದನ್ನು ಹೀಗೆ ಬಳಸಬಹುದು. ಮಧ್ಯಾಹ್ನ ಹಸಿವು ಕಾಡಿದಾಗ, ಹಸಿದಿರುವುದು ಶರೀರ, ಅದನ್ನು ಅರಿಯುತ್ತಿರುವವನು ನಾನು ಎಂದು ನೋಡಿರಿ, ಇದು ಅನ್ಯತ್ವ. ನೆರೆಯವರು ಬಂದು ನಿಮ್ಮ ವ್ರತವನ್ನು ಹೊಗಳಿದಾಗ ಮನಸ್ಸು ಉಬ್ಬಿದರೆ, ಕರ್ಮವು ಒಳಬರುವ ಬಾಗಿಲು ಇದೇ ಎಂದು ಗುರುತಿಸಿರಿ, ಇದು ಆಸ್ರವ. ಸಂಜೆ ಬಳಲಿಕೆಯಾದಾಗ, ಸಮತೆಯಿಂದ ಸಹಿಸಿದರೆ ಕರ್ಮ ಸವೆಯುತ್ತದೆ, ಸಿಡುಕಿನಿಂದ ಸಹಿಸಿದರೆ ಹೊಸತು ಸೇರುತ್ತದೆ ಎಂದು ವಿವೇಚಿಸಿರಿ, ಇದು ನಿರ್ಜರೆ. ಹೊಟ್ಟೆಗೆ ಅನ್ನವಿಲ್ಲದೆ, ಸೊಸೆಯ ಮೇಲೆ ರೇಗುತ್ತ, ಗಡಿಯಾರವನ್ನು ನೋಡುತ್ತ ಕಳೆದ ದಿನವು ಲಂಘನವಾದೀತೇ ಹೊರತು ಉಪವಾಸವಾಗದು.

ಮಧುಮೇಹವೋ ಹೃದ್ರೋಗವೋ ಇರುವ ಕಾರಣ ವೈದ್ಯರು ಉಪವಾಸ ಬೇಡವೆಂದಾಗ, ‘ಪರ್ವದಲ್ಲಿ ನನಗೆ ಪಾಲಿಲ್ಲವಾಯಿತು’ ಎಂದು ಕಣ್ಣೀರಿಡುವ ವೃದ್ಧರು ಪ್ರತಿ ಊರಿನಲ್ಲಿಯೂ ಇದ್ದಾರೆ. ಔಷಧವನ್ನು ಬಿಟ್ಟು ಉಪವಾಸಕ್ಕೆ ಕುಳಿತು ಅಪಾಯಕ್ಕೀಡಾಗುವವರೂ ಉಂಟು. ಅವರಿಗೆ ಹೇಳಬೇಕಾದ ಮಾತಿದು: ಅನಶನವು ಬಾಹ್ಯ ತಪಸ್ಸು, ಸ್ವಾಧ್ಯಾಯವು ಅಂತರಂಗ ತಪಸ್ಸು, ಅನುಪ್ರೇಕ್ಷೆಯು ಸ್ವಾಧ್ಯಾಯದಲ್ಲಿಯೇ ಸೇರಿದೆ. ಮಿತವಾಗಿ ಉಂಡು, ಔಷಧ ಸೇವಿಸಿ, ಮಲಗಿದಲ್ಲಿಯೇ ಹನ್ನೆರಡು ಭಾವನೆಗಳನ್ನು ನೆನೆಯುವ ಅಜ್ಜಿಯು ಪರ್ವದಿಂದ ಹೊರಗಾದವಳಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಅನುಪ್ರೇಕ್ಷೆಯು ತನ್ನನ್ನು ತಾನು ನೋಡಿಕೊಳ್ಳಲು ಇರುವ ಕನ್ನಡಿ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ‘ಎಲ್ಲವೂ ಅನಿತ್ಯ, ಅಳಬೇಡ’ ಎಂದು ಉಪದೇಶಿಸುವುದು ಅನುಪ್ರೇಕ್ಷೆಯಲ್ಲ, ಕಾಠಿಣ್ಯ. ಅಲ್ಲಿ ನಮಗೆ ಸಲ್ಲುವುದು ಕರುಣೆ: ಹತ್ತಿರ ಕುಳಿತು ಒಂದು ಲೋಟ ನೀರು ಕೊಡುವುದು. ‘ಅನಿತ್ಯ’ ಎಂಬ ಮಾತನ್ನು ಮನೆಗೆ ಮರಳಿದ ಮೇಲೆ ನಮಗೆ ನಾವೇ ಹೇಳಿಕೊಳ್ಳೋಣ.

ಬರುವ ಚತುರ್ದಶಿಯಂದು, ಉಪವಾಸವಿರಲಿ ಏಕಭುಕ್ತವಿರಲಿ, ಹನ್ನೆರಡರಲ್ಲಿ ಒಂದನ್ನಾದರೂ ಆರಿಸಿಕೊಂಡು ಸಂಜೆಯವರೆಗೆ ಅದರ ಬೆನ್ನು ಹತ್ತಿರಿ. ವ್ರತವು ಶರೀರದಿಂದ ಮನಸ್ಸಿಗೆ ಇಳಿಯುವ ದಾರಿ ಅದೇ.