ಸರಮೆಯ ಪ್ರಶ್ನೆ

ಜನಮೇಜಯನ ಸತ್ರಶಾಲೆಗೆ ಬಂದ ನಾಯಿಮರಿಯೊಂದನ್ನು ಅವನ ತಮ್ಮಂದಿರು ಹೊಡೆದಟ್ಟಿದ ಕಥೆಯು ಮಹಾಭಾರತದ ಆದಿಪರ್ವದಲ್ಲುಂಟು. ಅದು ಹವಿಸ್ಸನ್ನು ಮುಟ್ಟಿರಲಿಲ್ಲ. ತಪ್ಪಿಲ್ಲದ ಮಗನನ್ನು ಏಕೆ ಹೊಡೆದಿರೆಂದು ತಾಯಿಯಾದ ಸರಮೆಯು ಬಂದು ಕೇಳಲು, ಅವರು ಸುಮ್ಮನಿದ್ದರು. ಕಾಣದ ಭಯವು ನಿಮಗೊದಗಲೆಂದು ಶಪಿಸಿ ಆಕೆ ಹೋದಳು. ಪಾಠಶಾಲೆಯಲ್ಲಿ ಓದಿದಾಗ ಇದು ನನಗೆ ಸರ್ಪಸತ್ರದ ಪೀಠಿಕೆಯೆಂದಷ್ಟೇ ತೋರಿತ್ತು.

ನಮ್ಮೂರು ದೇವದುರ್ಗ ತಾಲ್ಲೂಕಿನ, ಕೃಷ್ಣಾತೀರದ ಗೂಗಲ್. ಲೋಕದ ಸಮಸ್ತವನ್ನೂ ಹುಡುಕಿಕೊಡುವ ಯಂತ್ರಕ್ಕೂ ಇದೇ ಹೆಸರಾದುದರಿಂದ ಮೊಮ್ಮಕ್ಕಳು ನನ್ನನ್ನು ಹಾಸ್ಯಮಾಡುವುದುಂಟು. ಹೋದ ವರ್ಷ ಮೊಮ್ಮಗನು ನಮ್ಮ ಓಣಿಯ ನಾಯಿಮರಿಯೊಂದರ ಚಿತ್ರವನ್ನು ಮೊಬೈಲಿನಿಂದ ಹತ್ತಾರು ಜನಕ್ಕೆ ಕಳುಹಿಸಿದನು. ಸಂಜೆಯೊಳಗೆ ರಾಯಚೂರಿನ ಗೃಹಸ್ಥರೊಬ್ಬರು ಒಪ್ಪಿದರು. ನಾನೂ ಹಿಗ್ಗಿದೆನು, ಅವರ ಮನೆಯನ್ನು ನೋಡಬೇಕೆಂದು ತೋರಲೇ ಇಲ್ಲ. ಮೂರು ತಿಂಗಳ ಮೇಲೆ ವಿಚಾರಿಸಲಾಗಿ, ಮರಿ ಬೆಳೆದು ಬೊಗಳತೊಡಗಿತೆಂದು ಊರಾಚೆ ಬಿಟ್ಟುಬಂದರಂತೆ. ಓಣಿಯಲ್ಲಿದ್ದಾಗ ಅದಕ್ಕೆ ನಾಲ್ಕು ಮನೆಯ ರೊಟ್ಟಿಯಿತ್ತು. ಮನೆ ಕೊಡಿಸುವೆನೆಂದು ಹೊರಟು, ಇದ್ದ ಮನೆಗಳನ್ನೇ ಕಳೆದವನು ನಾನು.

ಇದರಲ್ಲಿ ಯಂತ್ರದ ದೋಷವೇನು? ಅದೇ ಯಂತ್ರವನ್ನು ಕೈಯಲ್ಲಿ ಹಿಡಿದು 2023ರಲ್ಲಿ ಬೆಂಗಳೂರಿನ ಬೀದಿನಾಯಿಗಳನ್ನು ಎಣಿಸಿದರು, 2019ರಲ್ಲಿ 3.10 ಲಕ್ಷವೆಂದು ಅಂದಾಜಾಗಿದ್ದುದು 2.79 ಲಕ್ಷಕ್ಕಿಳಿದಿತ್ತು. ಅಕ್ಕಿಕಾಳಿನಷ್ಟು ಚಿಕ್ಕದೊಂದು ಚಿಪ್ಪನ್ನು ನಾಯಿಯ ಚರ್ಮದಡಿ ಇಡುವ ವಿಧಾನವೂ ಉಂಟು. ಓದುವ ಉಪಕರಣವನ್ನು ಹಿಡಿದರೆ ಅದರೊಳಗಿನ ಸಂಖ್ಯೆ ಕಾಣುವುದು. ಆ ಸಂಖ್ಯೆಯೊಡನೆ ಒಡೆಯನ ಹೆಸರನ್ನು ದಾಖಲಿಸಿದ್ದರೆ ಬಿಟ್ಟುಹೋದವನಾರೆಂಬುದೂ ತಿಳಿಯುವುದು. ಚಿತ್ರವು ಪಡೆಯುವುದನ್ನು ಸುಲಭಮಾಡಿತು, ಸಂಖ್ಯೆಯು ತೊರೆಯುವುದನ್ನು ಕಷ್ಟಮಾಡುವುದು. ನಾವು ಮೊದಲನೆಯದನ್ನು ಮಾತ್ರ ಸಂತೋಷದಿಂದ ಕೈಗೊಂಡೆವು. ದತ್ತು ಪಡೆದ ನಾಯಿ ಮರಳಿ ಬೀದಿಗೆ ಬಾರದಂತೆ ನೋಡುವ ಹೊಣೆ ಪಡೆದವರದೇ ಎಂದು ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.

ಇನ್ನೊಂದು ತೊಡಕುಂಟು. ಚಿತ್ರ ನೋಡಿ ಆರಿಸುವವರು ಮುದ್ದಾದುದನ್ನೇ ಆರಿಸುವರು; ಕುಂಟಿಗೂ ಮುದಿಗೂ ಚಿತ್ರದಿಂದ ಪ್ರಯೋಜನವಿಲ್ಲ. ಧರ್ಮರಾಯನು ನಾಯಿಯನ್ನು ಆರಿಸಿದವನಲ್ಲ, ಅದೇ ಅವನ ಬೆನ್ನುಹತ್ತಿ ಬಂದಿತು. ಅದನ್ನು ಬಿಟ್ಟು ಸ್ವರ್ಗವನ್ನೇರಲು ಅವನು ಒಪ್ಪಲಿಲ್ಲವಷ್ಟೆ. ಹಾಗೆಂದು ನಾಯಿ ಕಚ್ಚಿದ ಕೂಸಿನ ತಾಯಿಗೆ ಧರ್ಮರಾಯನ ಕಥೆ ಹೇಳಲು ನನಗೆ ಬಾಯಿ ಬಾರದು. ಹುಚ್ಚುನಾಯಿ ರೋಗದ ಲಕ್ಷಣ ತೋರಿದ ಮೇಲೆ ಬದುಕುವುದು ಅತ್ಯಪೂರ್ವ. ಆಕೆಯ ಭಯ ಕಾಣದ ಭಯವಲ್ಲ, ಕಂಡುದೇ. ಸಂತಾನಹರಣ ಚಿಕಿತ್ಸೆಯನ್ನೂ ಚುಚ್ಚುಮದ್ದನ್ನೂ ಬಿಟ್ಟು ಬರಿಯ ಕರುಣೆಯನ್ನಾಡುವವರು ಸರಮೆಗೂ ಆ ತಾಯಿಗೂ ಉತ್ತರ ಕೊಟ್ಟವರಲ್ಲ.

ಈಗ ಓಣಿಯಲ್ಲಿ ಮತ್ತೆರಡು ಮರಿಗಳಿವೆ. ಮೊಮ್ಮಗನು ಚಿತ್ರ ತೆಗೆದು, ಕಳುಹಿಸಲೇ ಅಜ್ಜಾ ಎಂದನು. ಚುಚ್ಚುಮದ್ದು ಹಾಕಿಸಿದ ಮೇಲೆ ಕಳುಹಿಸು, ಬೇಕೆಂದವರು ಇಲ್ಲಿಗೇ ಬಂದು ಒಂದು ಗಳಿಗೆ ಕಟ್ಟೆಯ ಮೇಲೆ ಕುಳಿತು ಹೋಗಲಿ ಎಂದೆನು. ಇದುವರೆಗೆ ಮೂವರು ಕೇಳಿದ್ದಾರೆ, ಬಂದವರಿಲ್ಲ.