ಡಯಲಿನ ಮೇಲಿನ ಹೆಸರು

"ಮಾಮಾ, ಅಜ್ಜನ ವಾಚು ನಕಲಿಯಂತೆ."

ಅಕ್ಕನ ಮಗ ಹೀಗೆ ಹೇಳಿದಾಗ ನಾನು ಒಂದು ಕ್ಷಣ ಸುಮ್ಮನಾದೆ. ನನ್ನ ತಂದೆಯ ಆ ರಿಕೋ ವಾಚು ಎಪ್ಪತ್ತರ ದಶಕದ ಕೊನೆಯಲ್ಲಿ ಕೊಲ್ಲಿಯಿಂದ ರಜೆಗೆ ಬಂದ ಸಂಬಂಧಿಕರೊಬ್ಬರು ತಂದುಕೊಟ್ಟದ್ದು. ಚಾವಿ ಕೊಡಬೇಕಾಗಿಲ್ಲ, ಕೈ ಅಲ್ಲಾಡಿದರೆ ಸಾಕು, ತಾನೇ ನಡೆಯುತ್ತದೆ ಎಂಬುದು ನಮ್ಮ ಊರಿನಲ್ಲಿ ಆಗ ದೊಡ್ಡ ಸುದ್ದಿ. ಹತ್ತು ಹನ್ನೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕರಾವಳಿಯ ತೇವ ಒಳಹೊಕ್ಕು, ಬೆಳ್ಳಿ ಬಣ್ಣದ ಡಯಲಿನ ಮೇಲೆ ಕಪ್ಪು ಚುಕ್ಕೆಗಳೆದ್ದವು. ಪೇಟೆಯ ವಾಚು ರಿಪೇರಿಯವರು ಅದನ್ನು ಮುಂಬಯಿಗೆ ಕಳುಹಿಸಿದರು. ತಿಂಗಳ ನಂತರ ಬಂದಾಗ ಡಯಲು ಕಡುನೀಲಿಯಾಗಿತ್ತು! ಕೇಳಿದ್ದು ಬೆಳ್ಳಿ ಬಣ್ಣ, ಬಂದದ್ದು ನೀಲಿ. ತಂದೆಗೆ ಅದೂ ಇಷ್ಟವಾಯಿತು. ಕೊನೆಯವರೆಗೂ ಅದನ್ನೇ ಕಟ್ಟಿಕೊಂಡಿದ್ದರು.

ಈಗ ಮೊಮ್ಮಗ ಅದನ್ನು ಕಪಾಟಿನಿಂದ ಹೊರತೆಗೆದಿದ್ದಾನೆ. ಹಳೆಯ ಜಪಾನಿ ವಾಚುಗಳನ್ನು ಸಂಗ್ರಹಿಸುವವರಿದ್ದಾರೆ, ಒಳ್ಳೆಯ ಬೆಲೆ ಕೊಡುತ್ತಾರೆ ಎಂದು ಕೇಳಿ ಒಬ್ಬರಿಗೆ ತೋರಿಸಿದನಂತೆ. ಅವರು ಭೂತಗನ್ನಡಿ ಹಿಡಿದು ಅರೆ ನಿಮಿಷ ನೋಡಿ ಹಿಂತಿರುಗಿಸಿದರು. ಆ ವರ್ಗದವರಲ್ಲಿ ಇಂಥ ವಾಚಿಗೆ ಒಂದು ಹೆಸರೇ ಇದೆ: 'ಮುಂಬೈ ಸ್ಪೆಷಲ್'. ಗೌರವದ ಹೆಸರೇನಲ್ಲ.

ರಿಕೋ ಎಂದರೆ ನಮ್ಮಲ್ಲಿ ಅನೇಕರಿಗೆ ಕ್ಯಾಮೆರಾ, ಆಮೇಲೆ ಜೆರಾಕ್ಸ್ ಯಂತ್ರ. ಕಂಪೆನಿ ಆರಂಭವಾದದ್ದು 1936ರಲ್ಲಿ, ನಕ್ಷೆಗಳ ಪ್ರತಿ ತೆಗೆಯಲು ಬಳಸುವ ವಿಶೇಷ ಕಾಗದ ಮಾರಲು. ಎರಡು ವರ್ಷಗಳಲ್ಲಿ ಅದರ ಹೆಸರು ರಿಕೆನ್ ಆಪ್ಟಿಕಲ್ ಎಂದಾಯಿತು. ಯುದ್ಧದಲ್ಲಿ ಸೋತು ಬಡವಾಗಿದ್ದ ಜಪಾನಿನಲ್ಲಿ, 1950ರಲ್ಲಿ ಬಂದ ಅದರ ಅಗ್ಗದ ರಿಕೋಫ್ಲೆಕ್ಸ್ ಕ್ಯಾಮೆರಾ ಸಾಮಾನ್ಯ ಜನರ ಕೈಗೂ ಸಿಕ್ಕಿತು. ವಾಚಿನ ಕಥೆ ಬೇರೆಯೇ. ನಗೋಯಾದ ಕಡೆ ತಕಾನೊ ಎಂಬ ಕಂಪೆನಿ 1957ರಿಂದ ಕೈಗಡಿಯಾರ ಮಾಡುತ್ತಿತ್ತು. 1959ರ ಸೆಪ್ಟೆಂಬರಿನಲ್ಲಿ ಇಸೆ ಕೊಲ್ಲಿಯ ಮೇಲೆ ಅಪ್ಪಳಿಸಿದ ಚಂಡಮಾರುತ ಐದು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ತಕಾನೊ ಕೂಡ ಆ ಹೊಡೆತದಿಂದ ಚೇತರಿಸಿಕೊಳ್ಳಲಿಲ್ಲ. 1962ರಲ್ಲಿ ಕ್ಯಾಮೆರಾ ಕಂಪೆನಿ ಅದನ್ನು ವಹಿಸಿಕೊಂಡಿತು. ಗಡಿಯಾರದ ಕೆಲಸ ಮುಂದುವರಿಯಿತು. ಡಯಲಿನ ಮೇಲಿನ ಹೆಸರು ಬದಲಾಯಿತು.

ಗಮನಿಸಿ, ಡಯಲಿನ ಮೇಲಿನ ಹೆಸರನ್ನು ಬದಲಿಸಿದ ಮೊದಲಿಗರು ಮುಂಬಯಿಯವರಲ್ಲ. ಒಬ್ಬರ ಕಸುಬಿನ ಮೇಲೆ ಇನ್ನೊಬ್ಬರ ಹೆಸರು ಕುಳಿತಿತು, ಅದನ್ನು ಯಾರೂ ನಕಲಿ ಎನ್ನಲಿಲ್ಲ. ಹಾಗೆ ಬರೆಯುವ ಹಕ್ಕನ್ನು ಹಣ ಕೊಟ್ಟು, ಎಲ್ಲರಿಗೂ ತಿಳಿಯುವಂತೆ ಪಡೆದುಕೊಂಡಿದ್ದರು. ಹಾಗಾದರೆ 'ಅಸಲಿ' ಎಂಬುದು ಲೋಹದಲ್ಲಿ ಇದೆಯೋ, ಬಣ್ಣದಲ್ಲಿ ಇದೆಯೋ, ಅಥವಾ ಇನ್ನೆಲ್ಲೋ ಇದೆಯೋ?

ಪರಿಣತರು ನೋಡುವುದು ಏನನ್ನು ಎಂದು ನಾನೂ ಸ್ವಲ್ಪ ತಿಳಿದುಕೊಂಡೆ. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರಗಳ ಅಂಚು ಹರಿತವಾಗಿರುತ್ತದೆ. ಮರುಬಣ್ಣದ ಡಯಲಿನಲ್ಲಿ ಅಕ್ಷರ ದಪ್ಪವಾಗಿ ಹರಡಿಕೊಂಡಿರುತ್ತದೆ, ನಿಮಿಷದ ಗೆರೆಗಳು ಒಂದೆರಡು ಕಡೆ ಸೊಟ್ಟಗಿರುತ್ತವೆ. ಆರರ ಅಂಕಿಯ ಕೆಳಗೆ, ಅಂಚಿಗೆ ತಾಗಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇರಬೇಕಾದ ಬರಹ ಮಾಯವಾಗಿರುತ್ತದೆ, ಇಲ್ಲವೇ ತಪ್ಪಾಗಿರುತ್ತದೆ. ಹಿಂಬದಿಯ ಮುಚ್ಚಳದ ಮೇಲಿನ ಸಂಖ್ಯೆಗೂ ಒಳಗಿನ ಯಂತ್ರದ ಮೇಲೆ ಕೊರೆದ ಸಂಖ್ಯೆಗೂ ಹೊಂದಾಣಿಕೆ ಇದೆಯೇ ಎಂದು ತಾಳೆ ನೋಡುತ್ತಾರೆ. ಕತ್ತಲಲ್ಲಿ ಹೊಳೆಯುವ ಬಣ್ಣ ಡಯಲಿನ ಮೇಲೆ ಹೊಚ್ಚ ಹೊಸದಾಗಿದ್ದು ಮುಳ್ಳುಗಳ ಮೇಲೆ ಹಳದಿಗಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಉಜ್ಜಿ ಉಜ್ಜಿ ಅಂಚು ಕಳೆದುಕೊಂಡ ಕವಚವೂ ಅಂಕ ಕಳೆದುಕೊಳ್ಳುತ್ತದೆ. ಇಷ್ಟೆಲ್ಲ ಪರೀಕ್ಷೆ ಮಾಡಿದ ಮಹನೀಯರು ವಾಚು ಸಮಯ ಸರಿ ತೋರಿಸುತ್ತದೆಯೇ ಎಂದು ಮಾತ್ರ ಕೇಳಲಿಲ್ಲವಂತೆ.

ಮೊದಲಿಗೆ ನನಗೆ ಸಿಟ್ಟೇ ಬಂತು. ವಾಚು ಬೇಕಾದದ್ದು ನನ್ನ ತಂದೆಗೆ. ಬೆಳಗ್ಗೆ ಬಸ್ಸು ಹಿಡಿಯಲು, ಅಂಗಡಿ ಮುಚ್ಚುವ ಹೊತ್ತು ನೋಡಲು. ಹಾಳಾದದ್ದನ್ನು ಸರಿಪಡಿಸಿ ಮತ್ತೆ ಹತ್ತಾರು ವರ್ಷ ನಡೆಸುವುದು ನಮ್ಮ ದೇಶದ ಬಡವರ, ಮಧ್ಯಮ ವರ್ಗದವರ ಬದುಕಿನ ರೀತಿ. ಛತ್ರಿಗೆ ಬಟ್ಟೆ ಹಾಕಿಸುತ್ತೇವೆ, ಹಾಸಿಗೆಯ ಹತ್ತಿ ಬಡಿಸುತ್ತೇವೆ, ಪಾತ್ರೆಗೆ ಕಲಾಯಿ ಮಾಡಿಸುತ್ತೇವೆ. ಡಯಲಿನ ಹಳೆಯ ಬಣ್ಣ ಕೆರೆದು, ತಗಡನ್ನು ಉಜ್ಜಿ, ಹೊಸ ಬಣ್ಣ ಹಾಕಿ, ಅಳಿದ ಹೆಸರನ್ನು ಮತ್ತೆ ಬರೆದ ಆ ಕೈಗಳು ಮೋಸಗಾರನವೇ? ಆ ಜಾಗದಲ್ಲಿ ಆ ಹೆಸರು ನಿಜವಾಗಿಯೂ ಇತ್ತಲ್ಲ. ಪೆಟ್ಟಿಗೆಯಿಂದ ಹೊರಗೆ ಬಾರದ, ಯಾರ ಬೆವರೂ ತಾಗದ ವಾಚು ಅಸಲಿ, ಒಬ್ಬ ಮನುಷ್ಯನ ಜೊತೆ ಮೂವತ್ತು ವರ್ಷ ನಡೆದದ್ದು ನಕಲಿ ಎಂದರೆ ಹೇಗೆ?

ಆದರೆ ಸಿಟ್ಟು ವಾದವಲ್ಲ. ಸಂಗ್ರಾಹಕರ ಕಡೆಯಲ್ಲೂ ಒಂದು ನ್ಯಾಯವಿದೆ. ಹಳೆಯ ವಸ್ತು ಒಂದು ಸಾಕ್ಷಿ. ಎಪ್ಪತ್ತರ ದಶಕದ ಜಪಾನಿನಲ್ಲಿ ಯಾವ ಬಣ್ಣ ಬಳಸುತ್ತಿದ್ದರು, ಅಕ್ಷರ ಹೇಗೆ ಬರೆಯುತ್ತಿದ್ದರು ಎಂದು ನಾಳೆ ಯಾರಾದರೂ ತಿಳಿಯಬಯಸಿದರೆ, ಕಂಪೆನಿ ಎಂದೂ ಮಾಡದ ಕಿತ್ತಳೆ, ನೇರಳೆ ಡಯಲುಗಳು ಸಾವಿರ ಸಂಖ್ಯೆಯಲ್ಲಿ ಎದುರು ನಿಂತು ಸುಳ್ಳು ಹೇಳುತ್ತವೆ. ನಷ್ಟ ಒಬ್ಬ ಗಿರಾಕಿಯದು ಮಾತ್ರವಲ್ಲ, ತಿಳಿವಳಿಕೆಯದೂ ಹೌದು.

ಥೀಸಿಯಸ್‌ನ ಹಡಗಿನ ಪ್ರಶ್ನೆ ತತ್ತ್ವಶಾಸ್ತ್ರ ಓದಿದವರಿಗೆ ಗೊತ್ತು. ಅಥೆನ್ಸಿನವರು ಆ ವೀರನ ಹಡಗನ್ನು ಕಾಪಾಡಲು ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತಾ ಹೋದರು. ಅದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞಾನಿಗಳು ಜಗಳವಾಡಿದರು ಎಂದು ಪ್ಲುಟಾರ್ಕ್ ದಾಖಲಿಸಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಹಾಬ್ಸ್ ಅದಕ್ಕೆ ಇನ್ನೊಂದು ತೊಡಕು ಸೇರಿಸಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು, ಅದೇ ಕ್ರಮದಲ್ಲಿ ಇನ್ನೊಂದು ಹಡಗು ಕಟ್ಟಿದರೆ? ವಾಚಿನ ಪೇಟೆಯಲ್ಲಿ ಇದನ್ನು ಹೋಲುವುದು ದಿನಾ ನಡೆಯುತ್ತದೆ. ಸತ್ತ ಮೂರು ವಾಚುಗಳಿಂದ ಒಂದರ ಡಯಲು, ಒಂದರ ಯಂತ್ರ, ಒಂದರ ಕವಚ ತೆಗೆದು ಹೊಸದೊಂದನ್ನು ಜೋಡಿಸುತ್ತಾರೆ. ಪ್ರತಿ ಬಿಡಿಭಾಗವೂ ಅಸಲಿ, ಆದರೆ ಅಂಥ ವಾಚು ಯಾವ ಕಾರ್ಖಾನೆಯಿಂದಲೂ ಎಂದೂ ಹೊರಬಂದಿಲ್ಲ. ನನ್ನ ತಂದೆಯದರಲ್ಲಿ ಎಲ್ಲವೂ ಅದರದ್ದೇ, ಮುಖದ ಬಣ್ಣವೊಂದನ್ನು ಬಿಟ್ಟು. ಯಾವುದು ಹೆಚ್ಚು ಸುಳ್ಳು? ವಸ್ತುವನ್ನೇ ನೋಡುತ್ತಾ ಕುಳಿತರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವೆಂದು ನನಗೆ ಅನಿಸುತ್ತದೆ. ಅದು ಕೈ ಬದಲಾಗುವ ಹೊತ್ತನ್ನು ನೋಡಬೇಕು.

ಆ ಹೊತ್ತಿನ ಬಗ್ಗೆ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳ ಪುಸ್ತಕದಲ್ಲಿ ಒಂದು ಪ್ರಸಂಗ ಕೊಡುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದ ವ್ಯಾಪಾರಿಗೆ, ಹಿಂದೆ ಇನ್ನೂ ಹಡಗುಗಳು ಬರುತ್ತಿವೆಯೆಂದು ಗೊತ್ತು. ಹೇಳಬೇಕೆ? ಬ್ಯಾಬಿಲೋನಿನ ಡಯೋಜಿನಿಸ್, ಕಾನೂನು ಕೇಳಿದಷ್ಟು ದೋಷವನ್ನು ತಿಳಿಸಿದರೆ ಸಾಕು, ಸುಮ್ಮನಿರುವುದು ಮುಚ್ಚಿಡುವುದಲ್ಲ ಎನ್ನುತ್ತಾನೆ. ಅವನ ಶಿಷ್ಯ ಆಂಟಿಪೇಟರ್, ತಿಳಿದದ್ದೆಲ್ಲವನ್ನೂ ಕೊಳ್ಳುವವನಿಗೂ ತಿಳಿಸಬೇಕು ಎನ್ನುತ್ತಾನೆ. ಸಿಸೆರೋ ಶಿಷ್ಯನ ಪಕ್ಷ. ಮದೀನದ ಪೇಟೆಯ ಧಾನ್ಯದ ರಾಶಿಯ ಪ್ರಸಂಗ ಈ ಪತ್ರಿಕೆಯ ಅನೇಕ ಓದುಗರಿಗೆ ಪರಿಚಿತ: ಪ್ರವಾದಿಯವರು (ಸ) ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು, ಮಳೆ ಬಿದ್ದಿತ್ತು ಎಂದ ವ್ಯಾಪಾರಿಗೆ, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಕೇಳಿದರು. ಮಳೆ ಬಂದದ್ದು ಅವನ ತಪ್ಪಲ್ಲ. ಒದ್ದೆ ಧಾನ್ಯ ಮಾರಬಾರದೆಂದೂ ಅಲ್ಲಿ ಹೇಳಿಲ್ಲ. ಒಣಗಿದ್ದನ್ನು ಮೇಲೆ ಇಟ್ಟದ್ದೇ ಅಪರಾಧ.

ನಮ್ಮ ಡಯಲಿಗೂ ಬಿದ್ದದ್ದು ಕರಾವಳಿಯ ಮಳೆಯೇ.

ಇದು ಜಪಾನಿ ವಾಚಿನ ಮಾತು ಮಾತ್ರವಲ್ಲ. 1961ರಲ್ಲಿ ಸಿಟಿಜನ್ ಕಂಪೆನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚಲು 2016ರಲ್ಲಿ ಸರಕಾರ ಒಪ್ಪಿತು. ಆ ಹಳೆಯ ಜನತಾ, ಪೈಲಟ್ ವಾಚುಗಳಿಗೆ ಈಗ ಬೇಡಿಕೆಯಿದೆ. ಬೇಡಿಕೆ ಬಂದಲ್ಲಿ ಹೊಸ ಡಯಲಿನ ಹಳೆಯ ವಾಚುಗಳೂ ಬಂದವು.

ಅಕ್ಕನ ಮಗ ಬುದ್ಧಿವಂತ, ಕೆಟ್ಟವನಲ್ಲ. ಅವನ ವಾದ ಹೀಗಿತ್ತು: "ನಾನು ಸುಳ್ಳು ಹೇಳುವುದಿಲ್ಲ ಮಾಮಾ. ಅಜ್ಜನ ವಾಚು, ಒಬ್ಬರೇ ಬಳಸಿದ್ದು, ಜಪಾನಿನದು ಎನ್ನುತ್ತೇನೆ. ಎಲ್ಲವೂ ನಿಜವೇ ಅಲ್ಲವೇ? ನೋಡಲು ತಿಳಿದವರು ನೋಡಿಕೊಳ್ಳಲಿ."

ಡಯೋಜಿನಿಸನ ವಾದ ನಮ್ಮ ಚಾವಡಿಯಲ್ಲಿ! ನಿಜವಾದ ಮೂರು ಮಾತುಗಳನ್ನು ಪಕ್ಕಪಕ್ಕ ಇಟ್ಟು ಒಂದು ಸುಳ್ಳನ್ನು ಮಾಡಬಹುದು. 'ಒಬ್ಬರೇ ಬಳಸಿದ್ದು' ಎಂಬ ಮಾತು ಕೇಳಿದವನ ಮನಸ್ಸಿನಲ್ಲಿ 'ಯಾರೂ ಮುಟ್ಟಿಲ್ಲ' ಎಂದಾಗುತ್ತದೆ. ಹಾಗಾಗಲಿ ಎಂದೇ ಆ ಮಾತು ಹೇಳುವುದು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಒಂದು ಸಂಗತಿ. ಬಣ್ಣ ಹಾಕಿದವರಿಗೆ ಗೊತ್ತಿತ್ತು, ಕಳುಹಿಸಿದ ರಿಪೇರಿಯವರಿಗೆ ಗೊತ್ತಿತ್ತು, ತಂದೆಗೆ ಗೊತ್ತಿತ್ತು. ಅವರಲ್ಲಿ ಯಾರೂ ಯಾರನ್ನೂ ವಂಚಿಸಲಿಲ್ಲ. ಆ ಡಯಲು ಬೆಳ್ಳಿ ಬಣ್ಣದಲ್ಲಿದ್ದುದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವುದು ನಾನು ಮತ್ತು ಅಕ್ಕ. ಅಕ್ಕನಿಗೆ ನೆನಪಿಲ್ಲ. ನಾನು ಸುಮ್ಮನಿದ್ದರೆ, ಮುಂದೆ ಈ ವಾಚು ಮಾರುವವನು ಪ್ರಾಮಾಣಿಕವಾಗಿಯೇ ಅಸಲಿ ನೀಲಿ ಡಯಲು ಎನ್ನುತ್ತಾನೆ, ಕೊಳ್ಳುವವನು ನಂಬುತ್ತಾನೆ. ಯಾರೂ ಸುಳ್ಳು ಹೇಳದೆ ಒಂದು ಸುಳ್ಳು ಹುಟ್ಟಿಬಿಡುತ್ತದೆ. ತಂದೆಗೆ ಆ ಡಯಲು ಹೊಸ ಬಣ್ಣವಷ್ಟೇ ಆಗಿತ್ತು. ಅದನ್ನು ಮೋಸವಾಗಿಸುವ ಅಧಿಕಾರ ನನ್ನ ಮೌನಕ್ಕೆ ಬಂದಿತ್ತು.

ಹಾಗಾಗಿ ಒಂದು ಚೀಟಿ ಬರೆದೆ: ಯಾರು ತಂದದ್ದು, ಡಯಲು ಮೊದಲು ಯಾವ ಬಣ್ಣದ್ದಿತ್ತು, ಸುಮಾರು ಯಾವಾಗ, ಎಲ್ಲಿ ಹೊಸದಾಗಿ ಮಾಡಿಸಿದ್ದು. ಕೆಳಗೆ ಸಹಿ ಹಾಕಿದೆ. ಅವನು ಓದಿ, "ಮಾಮಾ, ಇದು ಇಟ್ಟರೆ ಅರ್ಧ ಬೆಲೆಯೂ ಬರುವುದಿಲ್ಲ" ಎಂದ. ಬರಲಿಕ್ಕಿಲ್ಲ ಎಂದೆ. ಸ್ವಲ್ಪ ಹೊತ್ತು ವಾಚನ್ನು ಕಿವಿಗೆ ಹಿಡಿದು ಕುಳಿತಿದ್ದ. ಆಮೇಲೆ, "ಕನ್ನಡದಲ್ಲಿ ಬರೆದಿದ್ದೀರಿ, ಕೊಳ್ಳುವವರು ಹೊರಗಿನವರಾದರೆ ಹೇಗೆ ಓದುತ್ತಾರೆ? ಇಂಗ್ಲಿಷಿನಲ್ಲೂ ಒಂದು ಬರೆಯುತ್ತೇನೆ" ಎಂದು ಕಾಗದ ತೆಗೆದುಕೊಂಡ. ಎರಡೂ ಚೀಟಿಗಳು ಈಗ ವಾಚಿನ ಜೊತೆಗಿವೆ. ಕೊಂಡವರು ಅವನ್ನು ಇಟ್ಟುಕೊಳ್ಳುತ್ತಾರೋ ಹರಿದು ಹಾಕುತ್ತಾರೋ, ನಾನು ಬಲ್ಲೆನೆ?