ಗಾಜಿನ ಗೋಡೆಯೊಳಗಿನ ನೆರೆಹೊರೆ

ಊರು ಬಿಟ್ಟ ಕನ್ನಡಿಗ ಪರವೂರಿಗೆ ಹೊತ್ತುಕೊಂಡು ಹೋಗುವ ಸಾಮಾನುಗಳಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತೂ ಒಂದು. ಬಸ್ಸಿನ ಸೀಟಿಗೂ ಅದೇ, ಬಾಡಿಗೆ ಮನೆಗೂ ಅದೇ, ಬೀಗರ ಮನೆಗೂ ಅದೇ. ತಾಂಬರಂಗೆ ಬಂದ ಮೇಲೆ ಗೊತ್ತಾಯಿತು, ತಮಿಳಿನಲ್ಲೂ ಇದು ‘ಕೊಂಜಂ ಅಡ್ಜಸ್ಟ್ ಪಣ್ಣುಂಗೋ’ ಎಂದು ಚಲಾವಣೆಯಲ್ಲಿದೆ ಅಂತ. ನೀರಿನ ವಿಷಯದಲ್ಲಿ ಎರಡು ರಾಜ್ಯಗಳಿಗೂ ಆಗದ ಹೊಂದಾಣಿಕೆ ಈ ಒಂದು ಮಾತಿನಲ್ಲಿ ಆಗಿಬಿಟ್ಟಿದೆ. ಆದರೆ ಈ ಮಾತು ನಡೆಯದ ಜಾಗವೊಂದು ನಮ್ಮ ನಡುಮನೆಯಲ್ಲೇ ಇದೆ. ಅದು ಉಪ್ಪುನೀರಿನ ಮೀನಿನ ತೊಟ್ಟಿ. ಅಲ್ಲಿ ಯಾರೂ ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲ. ಹೊಂದಿದರೆ ಬದುಕುತ್ತಾರೆ, ಇಲ್ಲದಿದ್ದರೆ ಬೆಳಿಗ್ಗೆ ಒಬ್ಬರು ಕಡಿಮೆ ಇರುತ್ತಾರೆ.

ತೊಟ್ಟಿ ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ. ಲೆಕ್ಕ ಹಾಕಿದರೆ 130 ಲೀಟರು. ಕಲ್ಲು, ಮರಳು ಹಿಡಿದ ಜಾಗ ಕಳೆದರೆ ನೂರು ಚಿಲ್ಲರೆ. ಲೀಟರಿಗೆ ಸುಮಾರು 35 ಗ್ರಾಂ ಲವಣ. ಸಾಮಾನ್ಯ ಅಡುಗೆ ಉಪ್ಪಲ್ಲ, ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೆರೆಸಿದ ಪ್ಯಾಕೆಟ್ಟಿನ ಉಪ್ಪು. ಮೇ ತಿಂಗಳಲ್ಲಿ ಹೊರಗೆ ನಲವತ್ತು ಡಿಗ್ರಿ ಇರುವಾಗ ಒಳಗಿನ ನೀರನ್ನು ಇಪ್ಪತ್ತಾರರ ಆಸುಪಾಸಿನಲ್ಲಿ ಇಡಬೇಕು. ಕುಂದಾಪುರದಿಂದ ಬಂದ ನೆಂಟರೊಬ್ಬರು ಇದನ್ನೆಲ್ಲ ನೋಡಿ, ‘ತಿಂಬುಕ್ ಆಗ್ದಿದ್ ಮೀನಿಗ್ ಇಷ್ಟ್ ದುಡ್ಡಾ ಮಾರಾಯ?’ ಅಂದರು. ಕಡಲ ಮಗ್ಗುಲಲ್ಲೇ ಹುಟ್ಟಿ ಬೆಳೆದವರ ಪ್ರಶ್ನೆ ನ್ಯಾಯವಾದದ್ದೇ.

ಮದರಾಸಿಗೆ ಈ ಹುಚ್ಚು ಹೊಸದಲ್ಲ. ಮರೀನಾ ಕಡಲತೀರದಲ್ಲಿ 1909ರಲ್ಲೇ ಒಂದು ಮತ್ಸ್ಯಾಲಯ ತೆರೆದಿತ್ತು; ಎರಡನೇ ಮಹಾಯುದ್ಧದ ಕಾಲದಲ್ಲಿ ಮುಚ್ಚಿತು. ಈಗ ನಗರದ ಉತ್ತರಕ್ಕಿರುವ ಕೊಳತ್ತೂರು ಅಲಂಕಾರದ ಮೀನಿಗೆ ದೇಶದಲ್ಲೇ ಹೆಸರಾದ ಪೇಟೆ. ತಾಂಬರಂ ದಕ್ಷಿಣದ ಕೊನೆ, ಕೊಳತ್ತೂರು ಉತ್ತರದ ತುದಿ. ಹೋಗಿ ಬರುವುದರಲ್ಲಿ ಅರ್ಧ ದಿನ ಹೋಗುತ್ತದೆ. ಅಲ್ಲಿ ಸಿಹಿನೀರಿನ ಮೀನೇ ಹೆಚ್ಚು, ಸಮುದ್ರದ ಮೀನಿನ ಅಂಗಡಿ ಕಡಿಮೆ. ಹವಳ ಕೇಳಬಾರದು. 2001ರಲ್ಲಿ ಹವಳಗಳನ್ನೂ ಸಮುದ್ರಕುದುರೆಯನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಚ್ಛೇದಕ್ಕೆ, ಅಂದರೆ ಹುಲಿ ಇರುವ ಪಟ್ಟಿಗೇ, ಸೇರಿಸಿದ್ದಾರೆ. ಹಾಗಾಗಿ ನಮ್ಮದು ಹವಳವಿಲ್ಲದ ಹವಳದ ದಿಬ್ಬ. ಸಿಮೆಂಟು, ಸೆರಾಮಿಕ್‌ನಲ್ಲಿ ಮಾಡಿದ ತೂತುತೂತಿನ ಕಲ್ಲುಗಳನ್ನು ಜೋಡಿಸಿ, ಅದರಲ್ಲಿ ಬ್ಯಾಕ್ಟೀರಿಯಾ ನೆಲೆಸಲಿ ಎಂದು ತಿಂಗಳು, ಒಂದೂವರೆ ತಿಂಗಳು ಬರೀ ನೀರನ್ನು ಓಡಿಸಬೇಕು. ಮೀನಿನ ಹೇಲು ಉಚ್ಚೆಯಿಂದ ಹುಟ್ಟುವ ಅಮೋನಿಯಾವನ್ನು ಈ ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅವು ಬರುವ ಮುಂಚೆ ಮೀನು ಬಿಡುವುದೆಂದರೆ ಕಕ್ಕಸು ಕಟ್ಟದ ಮನೆಗೆ ಬಾಡಿಗೆದಾರರನ್ನು ಕರೆದ ಹಾಗೆ.

ಆಮೇಲೆ ಬರುವುದು ನಿಜವಾದ ಪ್ರಶ್ನೆ: ಯಾರ ಜೊತೆ ಯಾರು?

ಅಂಗಡಿಯಲ್ಲಿ ಎಲ್ಲ ಮೀನೂ ಎರಡು ಇಂಚು, ಎಲ್ಲವೂ ಚೆಂದ. ನೀಲಿ ಟ್ಯಾಂಗ್ ಎಂಬ ಮೀನು ಸಿನಿಮಾದಿಂದ ಮಕ್ಕಳಿಗೆಲ್ಲ ಪರಿಚಯ. ಅದು ಬೆಳೆದರೆ ಒಂದು ಅಡಿ ಆಗುತ್ತದೆ, ದಿನವಿಡೀ ಈಜುವ ಜಾತಿ. ಮೂರಡಿ ತೊಟ್ಟಿಯಲ್ಲಿ ಅದನ್ನಿಡುವುದು ಓಟಗಾರನನ್ನು ಲಿಫ್ಟಿನಲ್ಲಿ ಕೂಡಿಹಾಕಿದ ಹಾಗೆ. ಲಯನ್ ಫಿಶ್ ಬೀಸಣಿಗೆ ಬಿಚ್ಚಿದಂತೆ ಗಂಭೀರವಾಗಿ ತೇಲುತ್ತದೆ, ಜಗಳಗಂಟಿಯೂ ಅಲ್ಲ. ಆದರೆ ಬಾಯಿಗೆ ಹಿಡಿಸುವ ಮೀನೆಲ್ಲ ಅದಕ್ಕೆ ಊಟ. ಮ್ಯಾಂಡರಿನ್ ಎಂಬ ಬಣ್ಣದ ಮೀನು ಸಾಧುಗಳಲ್ಲಿ ಸಾಧು, ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಕಲ್ಲಿನ ಮೇಲೆ ಹರಿದಾಡುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಅದರ ಆಹಾರ. ಚಿಕ್ಕ ತೊಟ್ಟಿಯಲ್ಲಿ ಅವು ಕೆಲವೇ ವಾರದಲ್ಲಿ ಮುಗಿದು, ಯಾರೊಂದಿಗೂ ಜಗಳವಾಡದೆ ಅದು ಉಪವಾಸದಿಂದ ಸಾಯುತ್ತದೆ. ಬೇರೆ ಮೀನಿನ ಮೈಮೇಲಿನ ಪರೋಪಜೀವಿ ಕಿತ್ತು ತಿನ್ನುವ ಕ್ಲೀನರ್ ರಾಸ್‌ದೂ ಇದೇ ಕಥೆ. ನಾಲ್ಕು ಗಿರಾಕಿಗಳಿರುವ ಊರಿನಲ್ಲಿ ಕ್ಷೌರದಂಗಡಿ ನಡೆಯುವುದಿಲ್ಲ. ಅಂದರೆ ಹೊಂದಾಣಿಕೆ ಎಂದರೆ ಬರೀ ಕಚ್ಚದೆ ಇರುವುದಲ್ಲ. ಆ ಜೀವಕ್ಕೆ ಬೇಕಾದ ಜಾಗ, ಆಹಾರ, ಅಡಗುತಾಣ ಇಲ್ಲಿದೆಯೇ ಎಂಬುದೂ ಹೊಂದಾಣಿಕೆಯೇ.

ಎಲ್ಲಕ್ಕಿಂತ ಪಾಠ ಕಲಿಸುವುದು ನೀಲಿ ಡ್ಯಾಮ್ಸೆಲ್. ಗಟ್ಟಿ ಜೀವ, ಬೆಲೆ ಕಡಿಮೆ, ಬಣ್ಣ ಮಿಂಚು. ಅಂಗಡಿಯವರು ಮೊದಲು ಕೊಡುವುದೇ ಅದನ್ನು. ಅದು ತೊಟ್ಟಿಗೆ ಮೊದಲು ಇಳಿದರೆ ಇಡೀ ತೊಟ್ಟಿ ತನ್ನ ಹೆಸರಿಗೆ ಖಾತೆಯಾಗಿದೆ ಅಂದುಕೊಳ್ಳುತ್ತದೆ. ಆದ್ದರಿಂದ ನಿಯಮ ಏನಪ್ಪಾ ಅಂದರೆ, ಅಂಜುಬುರುಕರನ್ನು ಮೊದಲು ಬಿಡಬೇಕು, ಜೋರಿನವರನ್ನು ಕೊನೆಗೆ. ಹೊಸಬರನ್ನು ಬಿಡುವ ದಿನ ಕಲ್ಲುಗಳ ಜೋಡಣೆಯನ್ನು ಬದಲಿಸಬೇಕು. ಆಗ ಹಳಬರಿಗೂ ತಮ್ಮ ಗಡಿ ಎಲ್ಲಿ ಎಂಬುದು ಮರೆತು, ಎಲ್ಲರೂ ಆ ದಿನಕ್ಕೆ ಹೊಸಬರಾಗುತ್ತಾರೆ. ಮೂವತ್ತು ವರ್ಷ ಬ್ಯಾಂಕಿನ ಟ್ರಾನ್ಸ್‌ಫರ್ ಕಂಡವನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಈ ಎಲ್ಲ ಲೆಕ್ಕ ಹಾಕಿ ನಮ್ಮ ತೊಟ್ಟಿಯಲ್ಲಿರುವುದು ನಾಲ್ಕೇ ಮೀನು. ಒಂದು ಜೊತೆ ಕ್ಲೌನ್ ಮೀನು, ಒಂದು ಫೈರ್‌ಫಿಶ್, ಒಂದು ಗೋಬಿ. ಜೊತೆಗೆ ಒಂದು ಪಿಸ್ತೂಲ್ ಸೀಗಡಿ. ಕ್ಲೌನ್ ಮೀನನ್ನು ಕಡಲಿನಿಂದ ಹಿಡಿದು ತರಲೇಬೇಕೆಂದಿಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂಗಳಲ್ಲಿ ಅದರ ಮರಿ ಮಾಡಿಸುವ ವಿಧಾನ ಸಿದ್ಧಪಡಿಸಿದ್ದಾರೆ. ಹಿಡಿದು ತಂದ ಮೀನಿಗಿಂತ ತೊಟ್ಟಿಯಲ್ಲೇ ಹುಟ್ಟಿದ ಮೀನು ಕೊಳ್ಳುವುದು ಲೇಸು. ಕಡಲನ್ನೇ ಕಾಣದವನಿಗೆ ಗಾಜು ಗೋಡೆಯಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಅದು ಪೂರ್ತಿ ನಿಜವೋ ಅಲ್ಲವೋ, ಮೀನನ್ನೇ ಕೇಳಬೇಕು.

ಇಲ್ಲಿ ಒಂದು ಮಾತು ಗಮನಿಸಬೇಕು. ಕಡಲಿನಲ್ಲಿ ಡ್ಯಾಮ್ಸೆಲ್ ಕೊಲೆಗಾರ ಅಲ್ಲ. ನಮ್ಮ ಭಟ್ಕಳದ ಬಳಿ ನೇತ್ರಾಣಿ ದ್ವೀಪದ ಸುತ್ತ ಹವಳದ ಮೀನುಗಳಿವೆ. ಅಂಥ ಕಡೆ ಅದು ತನ್ನ ಕಲ್ಲಿನ ಬಳಿ ಬಂದವರನ್ನು ಅಟ್ಟುತ್ತದೆ, ಬಂದವರು ನಾಲ್ಕು ಮಾರು ಆಚೆ ಹೋಗುತ್ತಾರೆ, ಅಲ್ಲಿಗೆ ಜಗಳ ಮುಗಿಯಿತು. ತೊಟ್ಟಿಯಲ್ಲಿ ಆ ನಾಲ್ಕು ಮಾರು ಇಲ್ಲ. ಅಟ್ಟಿಸಿಕೊಂಡವನು ಮೂಲೆಗೆ ಹೋಗುತ್ತಾನೆ, ಮೂಲೆಯೂ ಅಟ್ಟಿದವನ ಸರಹದ್ದಿನೊಳಗೇ ಇದೆ. ಕೊಲ್ಲುವುದು ಮೀನಿನ ಸ್ವಭಾವ ಅಲ್ಲ, ಮೂರಡಿ ಅಳತೆ. ಹಾಗಾದರೆ ಸತ್ತ ಮೀನಿನ ಲೆಕ್ಕ ಯಾರ ಖಾತೆಗೆ? ಗೋಡೆ ಕಟ್ಟಿದವನ ಖಾತೆಗೆ. ಓಡಿಹೋಗುವ ದಾರಿಯನ್ನು ನಾನು ಮುಚ್ಚಿದ್ದೇನೆ. ಆದ್ದರಿಂದ ಯಾರ ಪಕ್ಕ ಯಾರು ಎಂದು ಆರಿಸುವುದು ನನ್ನ ಹಕ್ಕು ಅಲ್ಲ, ನನ್ನ ಸಾಲ.

ಈ ಯೋಚನೆ ಇಷ್ಟಕ್ಕೇ ನಿಂತಿದ್ದರೆ ಇದು ಮೀನಿನ ಪುರಾಣವಾಗಿ ಮುಗಿಯುತ್ತಿತ್ತು. ಮುಂದಕ್ಕೆ ಎಳೆದದ್ದು ನಮ್ಮ ಫ್ಲ್ಯಾಟುಗಳ ಅಸೋಸಿಯೇಷನ್ ಸಭೆ. ಎರಡನೇ ಮಹಡಿಯಲ್ಲಿ ಒಂದು ಮನೆ ಖಾಲಿ ಇತ್ತು. ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುವ ಮಣಿಪುರದ ನಾಲ್ವರು ಹುಡುಗಿಯರು ಬಾಡಿಗೆಗೆ ಕೇಳಿದ್ದರು. ರಾತ್ರಿ ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಾರೆ, ಅವರ ಅಡುಗೆಯ ವಾಸನೆ ಬೇರೆ, ಭಾಷೆ ಬೇರೆ ಎಂದು ಆಕ್ಷೇಪಣೆ. ಮಾತು ಬಿಸಿಯಾದಾಗ ಹಿರಿಯರೊಬ್ಬರು, ಒಳ್ಳೆಯವರೇ, ನನ್ನ ಕಡೆ ತಿರುಗಿ, ‘ಸಾರ್, ನೀವೇ ಹೇಳಿ. ಮೀನನ್ನೇ ನೀವು ನೂರು ಸಲ ಯೋಚಿಸಿ ಆರಿಸಿ ಬಿಡುತ್ತೀರಿ. ಮನುಷ್ಯರನ್ನು ಹಾಗೇ ಬಿಡಲಿಕ್ಕಾಗುತ್ತದೆಯೇ?’ ಅಂದರು. ಸಭೆ ನಕ್ಕಿತು. ಒಳ್ಳೆಯ ವಾದ, ಥಟ್ಟನೆ ಉತ್ತರ ಹೊಳೆಯದಂಥ ವಾದ.

ಆದರೆ ಅದು ಸರಿಯಾದ ವಾದವಲ್ಲ. ಯಾಕೆ ಅನ್ನುವುದನ್ನು ಅಲ್ಲಿ ನನಗೆ ತಿಳಿದಷ್ಟು ಹೇಳಿದೆ. ಇಲ್ಲಿ ಸಾವಧಾನವಾಗಿ ಹೇಳುತ್ತೇನೆ.

ಮೊದಲನೆಯದು, ಆ ಹುಡುಗಿಯರಿಗೂ ನಮಗೂ ಬಾಗಿಲಿದೆ. ಬೇಡವೆನಿಸಿದರೆ ಮುಚ್ಚಿಕೊಳ್ಳಬಹುದು, ತೀರಾ ಆಗದಿದ್ದರೆ ಬಿಟ್ಟು ಹೋಗಬಹುದು. ಬಾಗಿಲಿಲ್ಲದ ಕಡೆ ಆರಿಸುವುದು ಹೊಣೆಗಾರಿಕೆ. ಬಾಗಿಲಿರುವ ಕಡೆ ಅದೇ ಕೆಲಸ ಅಹಂಕಾರವಾಗುತ್ತದೆ.

ಎರಡನೆಯದು, ‘ನಮ್ಮಂಥವರು’ ಬಂದರೆ ಹೊಂದಾಣಿಕೆ ಆಗುತ್ತದೆ ಎಂಬ ನಂಬಿಕೆ. ಇದಕ್ಕೆ ತೊಟ್ಟಿಯೇ ಉಲ್ಟಾ ಸಾಕ್ಷಿ ಹೇಳುತ್ತದೆ. ಡ್ಯಾಮ್ಸೆಲ್‌ಗೆ ಅತಿ ಹೆಚ್ಚು ಸಿಟ್ಟು ಬರುವುದು ಇನ್ನೊಂದು ಡ್ಯಾಮ್ಸೆಲ್ ಕಂಡಾಗ. ಒಂದೇ ಆಕಾರ, ಒಂದೇ ಬಣ್ಣ, ಒಂದೇ ಊಟ ಇದ್ದವರ ನಡುವೆಯೇ ಕಾದಾಟ ಹೆಚ್ಚು, ಏಕೆಂದರೆ ಇಬ್ಬರಿಗೂ ಬೇಕಾದದ್ದು ಒಂದೇ ಬಿಲ. ಅದೇ ಗೋಬಿಯನ್ನೂ ಪಿಸ್ತೂಲ್ ಸೀಗಡಿಯನ್ನೂ ನೋಡಿ. ಒಂದು ಮೀನು, ಇನ್ನೊಂದು ಮೀನೇ ಅಲ್ಲ. ಸೀಗಡಿಗೆ ಕಣ್ಣು ಮಂದ, ಆದರೆ ಬಿಲ ತೋಡುವುದರಲ್ಲಿ ಗಟ್ಟಿಗ. ಗೋಬಿಗೆ ಕಣ್ಣು ಚುರುಕು, ತೋಡಲಿಕ್ಕೆ ಬಾರದು. ಸೀಗಡಿ ಮರಳು ಹೊತ್ತು ಹೊರಗೆ ಬರುವಾಗಲೆಲ್ಲ ಒಂದು ಮೀಸೆಯನ್ನು ಗೋಬಿಯ ಮೈಮೇಲೆ ಇಟ್ಟುಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲುಗಿಸುತ್ತದೆ, ಇಬ್ಬರೂ ಒಳಗೆ. ಮನೆ ಕಟ್ಟುವವನೊಬ್ಬ, ಕಾಯುವವನೊಬ್ಬ. ಇವರಿಬ್ಬರ ಕುಲಗೋತ್ರ ಕೂಡಿಸಿ ನೋಡಿದ್ದರೆ ಯಾವ ಜೋಯಿಸನೂ ಒಪ್ಪುತ್ತಿರಲಿಲ್ಲ.

ಮೂರನೆಯದು, ಸ್ವಭಾವ ಕಲ್ಲಿನ ಮೇಲಿನ ಬರಹವಲ್ಲ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡು. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಆ ಹೆಣ್ಣು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗಿ ಮನೆ ನಡೆಸುತ್ತದೆ. ಮೀನೇ ಇಷ್ಟು ಬದಲಾಗುವಾಗ ಮನುಷ್ಯ ನೆರೆಮನೆಯ ಒಗ್ಗರಣೆಗೆ ಮೂಗು ಒಗ್ಗಿಸಿಕೊಳ್ಳಲಾರನೇ? 2015ರ ಡಿಸೆಂಬರಿನಲ್ಲಿ ಅಡೆಯಾರು ಉಕ್ಕಿ ಪಶ್ಚಿಮ ತಾಂಬರಂ, ಮುಡಿಚ್ಚೂರು ಮುಳುಗಿದಾಗ ಕೆಳಮನೆಯವರು ಮೇಲಿನ ಮಹಡಿಗಳಿಗೆ ಹತ್ತಿದರು. ಕರೆಂಟಿಲ್ಲ, ಹಾಲಿಲ್ಲ. ಒಂದು ಕೋಣೆಯಲ್ಲಿ ಎರಡು ಮೂರು ಸಂಸಾರ. ಅವರಲ್ಲಿ ಯಾರೂ ಯಾರ ಅಡುಗೆಯ ವಾಸನೆಯನ್ನೂ ವಿಚಾರಿಸಲಿಲ್ಲ.

ನಾಲ್ಕನೆಯದೇ ಮುಖ್ಯ. ಮೀನನ್ನು ಆರಿಸುವವನು ಗಾಜಿನ ಹೊರಗೆ ನಿಂತಿರುತ್ತಾನೆ. ಅಸೋಸಿಯೇಷನ್‌ನಲ್ಲಿ ಹಾಗೆ ನಿಂತವರು ಯಾರು? ಸಭೆಯಲ್ಲಿ ಕೂತ ನಾವೆಲ್ಲರೂ ಒಂದೊಂದು ದಿನ ಪ್ಲಾಸ್ಟಿಕ್ ಚೀಲದಲ್ಲಿ ತೇಲಿಕೊಂಡು ಇಲ್ಲಿಗೆ ಬಂದವರೇ. ಆಕ್ಷೇಪಣೆ ಎತ್ತಿದ ಹಿರಿಯರು ತಿರುನೆಲ್ವೇಲಿಯವರು. ನಾನು ಕನ್ನಡದವನು. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳರು ಪಟ್ಟ ಪಾಡು ಗೊತ್ತಿರುವುದೇ. 2016ರ ಸೆಪ್ಟೆಂಬರಿನಲ್ಲಿ ಮತ್ತೆ ಅಲ್ಲಿ ತಮಿಳುನಾಡಿನ ಬಸ್ಸುಗಳು ಉರಿದಾಗ, ಇಲ್ಲಿನ ಕನ್ನಡದ ಮನೆಗಳಲ್ಲಿ ಫೋನಿನ ಮಾತು ಮೆಲ್ಲಗಾಯಿತು. ‘ಎಂದ ಊರು ಸಾರ್?’ ಎಂಬ ದಿನನಿತ್ಯದ ಪ್ರಶ್ನೆಗೂ ಆ ವಾರ ಉತ್ತರ ಕೊಡುವ ಮುಂಚೆ ಎಂಜಲು ನುಂಗಬೇಕಾಗುತ್ತಿತ್ತು. ಆಗ ನಮ್ಮ ಕಟ್ಟಡದಲ್ಲಿ ಯಾರಾದರೂ ‘ಹೊಂದುವ ಮೀನುಗಳ ಪಟ್ಟಿ’ ತೆಗೆದಿದ್ದರೆ ನಮ್ಮ ಹೆಸರು ಅದರಲ್ಲಿ ಇರುತ್ತಿತ್ತೋ ಇಲ್ಲವೋ. ಯಾರೂ ತೆಗೆಯಲಿಲ್ಲ. ಅದು ಅವರ ದೊಡ್ಡತನ, ನಮ್ಮ ಯೋಗ್ಯತೆಯ ಸರ್ಟಿಫಿಕೇಟ್ ಅಲ್ಲ.

ಸಭೆಯ ತೀರ್ಮಾನ ಮುಂದಿನ ಸಭೆಗೆ ಹೋಯಿತು. ಅಷ್ಟರಲ್ಲಿ ಹುಡುಗಿಯರು ಸೇಲೈಯೂರಿನ ಕಡೆ ಬೇರೆ ಮನೆ ಹಿಡಿದರು. ಎರಡನೇ ಮಹಡಿಗೆ ಆಮೇಲೆ ಬಂದದ್ದು ಆ ಹಿರಿಯರ ಜಿಲ್ಲೆಯವರದೇ ಒಂದು ಸಂಸಾರ. ಸಂಭಾವಿತರು, ಹೊತ್ತಿಗೆ ಸರಿಯಾಗಿ ಮಲಗುವವರು. ಕಾರು ನಿಲ್ಲಿಸುವ ಜಾಗದ ವಿಷಯದಲ್ಲಿ ಇಬ್ಬರಿಗೂ ಈಗ ಮಾತಿಲ್ಲ. ಒಂದೇ ಬಿಲ ಇಬ್ಬರಿಗೂ ಬೇಕಾಗಿದೆ.

ಮೀನು ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರು. ಬೆಳೆದರೆ ಎಷ್ಟು ದೊಡ್ಡದಾಗುತ್ತದೆ? ಏನು ತಿನ್ನುತ್ತದೆ? ಹೆದರಿದಾಗ ಎಲ್ಲಿ ಅಡಗುತ್ತದೆ? ಪರವೂರಿನಿಂದ ಬಂದ ಮನುಷ್ಯನ ಬಗ್ಗೆ ಮೊದಲ ಎರಡು ಪ್ರಶ್ನೆ ಕೇಳುವ ಅಧಿಕಾರ ನಮಗಿಲ್ಲ. ಎಷ್ಟು ಬೆಳೆಯುತ್ತಾನೆ, ಏನು ತಿನ್ನುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು. ಮೂರನೆಯದನ್ನು ಮಾತ್ರ ಕೇಳಲೇಬೇಕು. ಹನ್ನೆರಡು ಗಂಟೆಯ ಪಾಳಿ ಮುಗಿಸಿ, ಭಾಷೆ ತಿಳಿಯದ ಊರಿನಲ್ಲಿ ಬಸ್ಸಿಳಿದು ಬರುವ ಹುಡುಗಿಗೆ ಚಿಲಕ ಹಾಕಿಕೊಂಡು ನಿಟ್ಟುಸಿರು ಬಿಡಲು ಒಂದು ಕೋಣೆ ಬೇಡವೇ? ನಮ್ಮ ಫೈರ್‌ಫಿಶ್ ಬಲು ಪುಕ್ಕಲು, ಗಾಬರಿಯಾದರೆ ತೊಟ್ಟಿಯಿಂದಲೇ ಹಾರಿಬಿಡುವ ಜಾತಿ. ಅದಕ್ಕಾಗಿ ಮೇಲೆ ಬಲೆ ಮುಚ್ಚಿದ್ದೇವೆ, ಕಲ್ಲಿನ ಕೆಳಗೆ ಅದೊಂದೇ ನುಗ್ಗಬಹುದಾದ ಸಂದು ಬಿಟ್ಟಿದ್ದೇವೆ. ಎರಡು ಇಂಚಿನ ಮೀನಿಗಾಗಿ ಮಾಡುವ ಈ ಏರ್ಪಾಟನ್ನು ಮನುಷ್ಯರಿಗೂ ಮಾಡೋಣ ಎಂದು ಮುಂದಿನ ಸಭೆಯಲ್ಲಿ ಕೇಳುವವನಿದ್ದೇನೆ. ಈ ಸಲ ಮೂರನೇ ಮಹಡಿಯಲ್ಲಿ ಒಂದು ಮನೆ ಖಾಲಿಯಾಗಲಿದೆ.